ಮಗಳು ನರ್ಸಮ್ಮ ಆಗಬೇಕೆಂದರೆ



ಇದು ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮಹಿಳಾ ಸಂಘ ಪ್ರತಿ ಗುರುವಾರ ಸಂಜೆ ಸೇರುತ್ತದೆ. ಆ ಗುರುವಾರ ಹೂವಿನಕ್ಕ ತಡವಾಗಿ ಬಂದಳು. ಅವಳು ಬಸ್ ಸ್ಟ್ಯಾಂಡಿನಲ್ಲಿ ಹೂವು ಮಾರುತ್ತಾಳೆ. ಊರಿನವರೆಲ್ಲ ಅವಳನ್ನು ಹೂವಿನಕ್ಕ ಎಂದೇ ಕರೆಯುತ್ತಾರೆ. ಅವಳ ಕೈಯಲ್ಲಿ ಒಂದು ಬಣ್ಣದ ಕಾಗದ ಇತ್ತು. ಸೆರಗಿನ ತುದಿಯಲ್ಲಿ ಒಂದು ಗಂಟು ಇತ್ತು.

"ಏನಕ್ಕ ಅದು ಗಂಟು?" ಎಂದು ಕೇಳಿದೆವು.

"ನನ್ನ ಓಲೆ ಕಣ್ರೇ. ನಾಳೆ ಗಿರವಿ ಇಡಬೇಕು. ಮಗಳನ್ನು ನರ್ಸಿಂಗ್ ಓದಿಸ್ತೀನಿ," ಎಂದಳು.

ಮಗಳು ಪಿ.ಯು.ಸಿ. ಪಾಸಾಗಿದ್ದಳು. ಓದಿದ್ದು ಕಲಾ ವಿಭಾಗ. ಹೂವು ಕೊಳ್ಳಲು ಬಂದ ಒಬ್ಬ ಏಜೆಂಟ ಈ ಕಾಗದ ಕೊಟ್ಟಿದ್ದ. ಸೋಮವಾರದ ಒಳಗೆ 20 ಸಾವಿರ ರೂಪಾಯಿ ಮುಂಗಡ ಕೊಡಬೇಕು. ಅಸಲು ಮಾರ್ಕ್ಸ್ ಕಾರ್ಡನ್ನೂ ಕೊಡಬೇಕು. ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದಿದ್ದ.

ಹೂವಿನಕ್ಕ ಅದರ ಹಿಂದಿನ ವರ್ಷ ತಾನೇ ಕಲಿಕಾ ಕೇಂದ್ರದಲ್ಲಿ ಓದಲು ಕಲಿತಿದ್ದಳು. "ಅಕ್ಕ, ಕಾಗದ ನೀನೇ ಓದು," ಎಂದೆವು. ಅವಳು ಬೆರಳಿಟ್ಟು ಓದಿದಳು.

"ಬಿ.ಎಸ್ಸಿ. ನರ್ಸಿಂಗ್. ಯಾವ ವಿಷಯ ಓದಿದ್ದರೂ ಸೀಟು. ನೂರಕ್ಕೆ ನೂರು ಕೆಲಸ."

ಓದಿ ಕಾಗದವನ್ನು ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಆಸ್ಪತ್ರೆ ಹೆಸರು ಎಲ್ಲೈತೆ? ಒಪ್ಪಿಗೆ ಕೊಟ್ಟೋರು ಯಾರು ಅಂತ ಎಲ್ಲೂ ಬರೆದಿಲ್ವಲ್ಲ?" ಎಂದಳು.

ನಾವೂ ನೋಡಿದೆವು. ಎರಡೂ ಇರಲಿಲ್ಲ. ಒಂದು ಫೋನ್ ನಂಬರ್ ಮಾತ್ರ ಇತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಅಲ್ಲವೇ?

"ಗಂಟು ಬಿಚ್ಚಬೇಡ ಅಕ್ಕ. ಮೊದಲು ಕೇಳಿ ತಿಳಿಯೋಣ," ಎಂದೆವು. ಮರುದಿನ ನಾವು ನಾಲ್ಕು ಜನ ಉಪಕೇಂದ್ರದ ಸಿಸ್ಟರ್ ಹತ್ತಿರ ಹೋದೆವು. ಆಮೇಲೆ ಜಿಲ್ಲಾ ಆಸ್ಪತ್ರೆಗೂ ಹೋದೆವು. ಅಲ್ಲಿ ತಿಳಿದದ್ದನ್ನು, ಆಮೇಲೆ ನಾವು ಕಂಡದ್ದನ್ನು ಈ ಪಾಠದಲ್ಲಿ ಬರೆದಿದ್ದೇವೆ. ನಿಮ್ಮ ಮನೆಯಲ್ಲೂ ಓದುವ ಮಗಳು ಇರಬಹುದು. ಸೊಸೆ ಇರಬಹುದು. ತಂಗಿ ಇರಬಹುದು.

ನರ್ಸ್ ಕೆಲಸ ಎಂದರೆ ಏನು?

ಡಾಕ್ಟರು ಬಂದು ನೋಡಿ ಹೋಗುತ್ತಾರೆ. ರೋಗಿಯ ಬಳಿ ಹಗಲು ರಾತ್ರಿ ಇರುವವರು ನರ್ಸ್. ಜ್ವರ ನೋಡುವುದು, ನಾಡಿ ಎಣಿಸುವುದು, ಔಷಧಿ ಕೊಡುವುದು, ಗಾಯ ತೊಳೆದು ಕಟ್ಟುವುದು ಅವರ ಕೆಲಸ. ರೋಗಿಯ ಸ್ಥಿತಿ ಕೆಟ್ಟರೆ ಮೊದಲು ಗುರುತಿಸುವವರೂ ಅವರೇ.

ಹಿಂದೆ ಈ ಕೆಲಸಕ್ಕೆ ಓದು ಬೇಕು ಎಂದು ಜನ ತಿಳಿದಿರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂಬ ಮಹಿಳೆ 1854ರಲ್ಲಿ ಯುದ್ಧದ ಗಾಯಾಳುಗಳ ಸೇವೆಗೆ ಹೋದರು. ಆಸ್ಪತ್ರೆಯ ಕೊಳಕೂ ಸೈನಿಕರನ್ನು ಕೊಲ್ಲುತ್ತಿದೆ ಎಂದು ಲೆಕ್ಕ ಬರೆದು ತೋರಿಸಿದರು. 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿಸಿದರು. ಅವರು ಹುಟ್ಟಿದ ದಿನ ಮೇ 12. ಆ ದಿನವನ್ನು ಇಂದು ದಾದಿಯರ ದಿನ ಎಂದು ಆಚರಿಸುತ್ತಾರೆ.

"ಮಲ ಮೂತ್ರ ಮುಟ್ಟುವ ಕೆಲಸ ನಮ್ಮ ಹುಡುಗಿಗೆ ಯಾಕೆ?" ಎನ್ನುವವರು ಈಗಲೂ ಇದ್ದಾರೆ. ಹೂವಿನಕ್ಕನ ಮೈದುನನೂ ಹಾಗೇ ಅಂದ. ಅವಳು ಹೇಳಿದಳು: "ನಿನ್ನ ತಾಯಿ ಮೂರು ತಿಂಗಳು ಮಲಗಿದ್ದಾಗ ಮುಟ್ಟಿದ್ದು ನಾನು. ಆಗ ಕೆಲಸ ಕೀಳು ಅನ್ನಿಸಲಿಲ್ವಾ?" ಮೈದುನ ಸುಮ್ಮನಾದ.

ಮೂರು ದಾರಿಗಳು

ನರ್ಸ್ ಆಗಲು ಮುಖ್ಯವಾಗಿ ಮೂರು ದಾರಿ ಇವೆ.

ಒಂದು, ಎ.ಎನ್.ಎಂ. ಇದು 2 ವರ್ಷದ ಓದು. ಹೆಣ್ಣುಮಕ್ಕಳಿಗೆ ಮಾತ್ರ. ಪಿ.ಯು.ಸಿ. ಪಾಸಾಗಿರಬೇಕು. ಯಾವ ವಿಭಾಗವಾದರೂ ಆಗುತ್ತದೆ. ವಯಸ್ಸು 17ರಿಂದ 35. ನಮ್ಮ ಉಪಕೇಂದ್ರದ ಸಿಸ್ಟರ್ ಓದಿದ್ದು ಇದನ್ನೇ. ಗರ್ಭಿಣಿಯರ ತಪಾಸಣೆ, ಮಕ್ಕಳಿಗೆ ಲಸಿಕೆ, ಮನೆ ಮನೆ ಭೇಟಿ ಇವರ ಕೆಲಸ.

ಎರಡು, ಜಿ.ಎನ್.ಎಂ. ಇದು 3 ವರ್ಷದ ಡಿಪ್ಲೊಮಾ. ಪಿ.ಯು.ಸಿ.ಯಲ್ಲಿ ನೂರಕ್ಕೆ 40 ಅಂಕ ಬೇಕು. ಇಂಗ್ಲಿಷ್ ಪಾಸಾಗಿರಬೇಕು. ವಿಜ್ಞಾನ ಓದಿದ್ದರೆ ಒಳ್ಳೆಯದು. ಕಲೆ, ವಾಣಿಜ್ಯ ಓದಿದವರೂ ಸೇರಬಹುದು. ವಯಸ್ಸು 17ರಿಂದ 35. ಮುಗಿಸಿದವರು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗುತ್ತಾರೆ.

ಮೂರು, ಬಿ.ಎಸ್ಸಿ. ನರ್ಸಿಂಗ್. ಇದು 4 ವರ್ಷದ ಪದವಿ. ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. ನೂರಕ್ಕೆ 45 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ 40. ನಮ್ಮ ರಾಜ್ಯದ ಹೆಚ್ಚಿನ ಕಾಲೇಜುಗಳಲ್ಲಿ ಈ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿ.ಇ.ಟಿ. ಬರೆಯಬೇಕು.

ಈಗ ನೋಡಿ. ಹೂವಿನಕ್ಕನ ಮಗಳು ಓದಿದ್ದು ಕಲೆ. ಏಜೆಂಟ ಕೊಡುತ್ತೇನೆ ಎಂದದ್ದು ಬಿ.ಎಸ್ಸಿ. ಸೀಟು. ಆ ಸೀಟು ಅವಳಿಗೆ ಸಿಗುವುದೇ ಇಲ್ಲ! ಸಿಸ್ಟರ್ ಇದನ್ನು ಹೇಳಿದಾಗ ಹೂವಿನಕ್ಕ ಸೆರಗಿನ ಗಂಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಹಾಗಾದ್ರೆ ನನ್ನ ಮಗಳಿಗೆ ದಾರಿ ಇಲ್ವಾ ಸಿಸ್ಟರ್?"

"ಯಾಕಿಲ್ಲ? ಜಿ.ಎನ್.ಎಂ. ಇದೆ. ಅದು ಮುಗಿಸಿ ಇನ್ನೂ 2 ವರ್ಷ ಓದಿದರೆ ಬಿ.ಎಸ್ಸಿ. ಕೂಡ ಆಗಬಹುದು," ಎಂದರು ಸಿಸ್ಟರ್.

ಇನ್ನೊಂದು ಮಾತು. 2023ರಲ್ಲಿ ನರ್ಸಿಂಗ್ ಓದಿನ ಬಗ್ಗೆ ದೇಶದಲ್ಲಿ ಹೊಸ ಕಾಯ್ದೆ ಬಂದಿದೆ. ನಿಯಮಗಳು ಬದಲಾಗಬಹುದು. ಸೇರುವ ವರ್ಷ ಏನು ನಿಯಮ ಇದೆ ಎಂದು ಕೇಳಿಯೇ ಅರ್ಜಿ ಹಾಕಿ.

ಶಾಲೆ ಆರಿಸುವುದು ಹೇಗೆ?

ಹೆಣ್ಣು ಕೊಡುವ ಮೊದಲು ಮನೆತನ ವಿಚಾರಿಸುತ್ತೇವೆ. ಓದಲು ಕಳಿಸುವ ಮೊದಲೂ ಹಾಗೇ ವಿಚಾರಿಸಬೇಕು. ಫೋನಿನಲ್ಲಿ ಕೇಳಿದರೆ ಸಾಲದು. ಹೋಗಿ ನೋಡಬೇಕು. ಈ ಐದು ಪ್ರಶ್ನೆ ಬರೆದುಕೊಂಡು ಹೋಗಿ.

1. ಒಪ್ಪಿಗೆ ಇದೆಯೇ? ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇರಬೇಕು. ಈ ವರ್ಷದ ಒಪ್ಪಿಗೆ ಪತ್ರ ತೋರಿಸಿ ಎನ್ನಿ. ಹಳೆಯ ಪತ್ರ ಬೇಡ. ಭಾರತೀಯ ನರ್ಸಿಂಗ್ ಪರಿಷತ್ತಿನ ಪಟ್ಟಿಯಲ್ಲಿ ಹೆಸರು ಇದೆಯೇ ಎಂದೂ ಕೇಳಿ. ಬೇರೆ ರಾಜ್ಯದಲ್ಲಿ ಕೆಲಸ ಮಾಡುವಾಗ ಇದು ಬೇಕಾಗಬಹುದು.

2. ಆಸ್ಪತ್ರೆ ಎಲ್ಲಿದೆ? ಈಜು ಕಲಿಯಲು ನೀರು ಬೇಕು. ನರ್ಸಿಂಗ್ ಕಲಿಯಲು ರೋಗಿಗಳು ಬೇಕು. ಜಿ.ಎನ್.ಎಂ., ಬಿ.ಎಸ್ಸಿ. ಶಾಲೆಗೆ ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಇರಬೇಕು. ಒಬ್ಬ ವಿದ್ಯಾರ್ಥಿನಿಗೆ ಮೂರು ರೋಗಿಗಳಾದರೂ ಇರಬೇಕು. ವಾರ್ಡಿನ ಒಳಗೆ ಹೋಗಿ ನೋಡಿ. ಹಾಸಿಗೆ ಖಾಲಿ ಇದ್ದರೆ ಮಗಳು ಕಲಿಯುವುದು ಏನನ್ನು?

3. ಪಾಠ ಮಾಡುವವರು ಇದ್ದಾರೆಯೇ? ಅಲ್ಲಿ ಓದುತ್ತಿರುವ ಹುಡುಗಿಯರನ್ನು ಬೇರೆಯಾಗಿ ಮಾತಾಡಿಸಿ. "ಪಾಠ ದಿನಾ ನಡೀತದಾ? ಕಳೆದ ವರ್ಷ ಎಷ್ಟು ಜನ ಪಾಸಾದ್ರು?" ಎಂದು ಕೇಳಿ.

4. ಹಾಸ್ಟೆಲ್ ಹೇಗಿದೆ? ನೀರು, ಕಕ್ಕಸು, ಊಟ, ಬಾಗಿಲಿನ ಚಿಲಕ ನೋಡಿ. ರಾತ್ರಿ ಪಾಳಿಗೆ ಹೋಗಿ ಬರುವ ದಾರಿ ನೋಡಿ. ರಾಗಿಂಗ್ ಅಪರಾಧ. ದೂರು ಯಾರಿಗೆ ಕೊಡಬೇಕು ಎಂದು ಮೊದಲೇ ಕೇಳಿಕೊಳ್ಳಿ.

5. ಒಟ್ಟು ಖರ್ಚು ಎಷ್ಟು? ಮೊದಲ ವರ್ಷದ್ದು ಮಾತ್ರ ಅಲ್ಲ. ಎಲ್ಲ ವರ್ಷಗಳದ್ದು. ಶುಲ್ಕ, ಹಾಸ್ಟೆಲ್, ಸಮವಸ್ತ್ರ, ಪುಸ್ತಕ, ಪರೀಕ್ಷೆ, ಬಸ್ಸು. ಬರೆದು ಕೊಡಿ ಎಂದು ಕೇಳಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ತೆಗೆದುಕೊಳ್ಳಿ.

ಅಸಲು ಮಾರ್ಕ್ಸ್ ಕಾರ್ಡನ್ನು ಏಜೆಂಟನ ಕೈಗೆ ಎಂದೂ ಕೊಡಬೇಡಿ. ಶಾಲೆಯವರು ನೋಡಲು ಕೇಳಿದರೆ ತೋರಿಸಿ, ವಾಪಸು ತನ್ನಿ. ಇಟ್ಟುಕೊಳ್ಳುತ್ತೇವೆ ಎಂದರೆ ಯಾಕೆ ಎಂದು ಕೇಳಿ. ಕೊಡಲೇಬೇಕಾದರೆ ಸಹಿ, ಸೀಲು ಇರುವ ರಸೀದಿ ಪಡೆಯಿರಿ. ಜೆರಾಕ್ಸ್ ಪ್ರತಿ ಮನೆಯಲ್ಲಿ ಇರಲಿ.

ಹಣ ಎಲ್ಲಿಂದ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದಿದ್ದಾರೆ ಹಿರಿಯರು. ಮೊದಲು ಸರ್ಕಾರಿ ಶಾಲೆಗೆ ಅರ್ಜಿ ಹಾಕಿ. ಅಲ್ಲಿ ಶುಲ್ಕ ಕಡಿಮೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿದರೆ ಅರ್ಜಿಯ ಕಾಲ ಹೇಳುತ್ತಾರೆ.

ವಿದ್ಯಾರ್ಥಿ ವೇತನ ಇದೆ. ರಾಜ್ಯ ವಿದ್ಯಾರ್ಥಿ ವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಬೇಕು. ಜನ ಇದನ್ನು ಎಸ್.ಎಸ್.ಪಿ. ಎನ್ನುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಮಗಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಬೇಕು. ಇಲ್ಲದಿದ್ದರೆ ಹಣ ಬರುವುದಿಲ್ಲ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳೂ ಇವೆ.

ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಬಹುದು. 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಹೊಲ, ಮನೆ, ಒಡವೆಯ ಒತ್ತೆ ಕೇಳುವಂತಿಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಬೇಕು. ಶಾಲೆಗೆ ಮಾನ್ಯತೆ ಇಲ್ಲದಿದ್ದರೆ ಈ ಸಾಲ ಸಿಗುವುದಿಲ್ಲ. ಸಾಲ ಎಂದರೆ ಸಾಲವೇ. ಬಡ್ಡಿ ಎಷ್ಟು, ಕಂತು ಯಾವಾಗ ಶುರು ಎಂದು ಓದಿಯೇ ಸಹಿ ಮಾಡಿ.

ಹೂವಿನಕ್ಕ ಓಲೆ ಗಿರವಿ ಇಡಲಿಲ್ಲ. ಮೂರು ಶಾಲೆ ನೋಡಿದಳು. ಒಂದರಲ್ಲಿ ಒಪ್ಪಿಗೆ ಪತ್ರ ತೋರಿಸಲಿಲ್ಲ. ಇನ್ನೊಂದರಲ್ಲಿ ವಾರ್ಡು ಖಾಲಿ. ಮೂರನೆಯದು ದೂರ. ಬಸ್ಸಿನಲ್ಲಿ ನಾಲ್ಕು ಗಂಟೆ. ಆದರೆ ವಾರ್ಡಿನ ತುಂಬ ರೋಗಿಗಳಿದ್ದರು. ಹುಡುಗಿಯರು ಪುಸ್ತಕ ಹಿಡಿದು ಓಡಾಡುತ್ತಿದ್ದರು. ಅಲ್ಲಿಗೇ ಸೇರಿಸಿದಳು.

ಮೊದಲ ವರ್ಷದ ಕಷ್ಟ

ಸೇರುವುದು ಅರ್ಧ ಕೆಲಸ. ಮುಗಿಸುವುದು ಇನ್ನರ್ಧ. ಬಹಳ ಹುಡುಗಿಯರು ಮೊದಲ ವರ್ಷದಲ್ಲೇ ಹೆದರುತ್ತಾರೆ. ದೇಹದ ಅಂಗರಚನೆ, ರೋಗಾಣುಗಳು, ಮನಃಶಾಸ್ತ್ರ, ಪೌಷ್ಟಿಕ ಆಹಾರ, ಪ್ರಥಮ ಚಿಕಿತ್ಸೆ, ಹೀಗೆ ಅನೇಕ ವಿಷಯ. ಎಲ್ಲವೂ ಇಂಗ್ಲಿಷಿನಲ್ಲಿ. ಎರಡನೆಯ ವರ್ಷ ದೊಡ್ಡವರ ಕಾಯಿಲೆ, ಮಕ್ಕಳ ಕಾಯಿಲೆ, ಮನೋರೋಗ. ಮೂರನೆಯ ವರ್ಷ ಹೆರಿಗೆ ಮತ್ತು ಹಳ್ಳಿಯ ಆರೋಗ್ಯ.

ಬರವಣಿಗೆಯಲ್ಲಿ ನೂರಕ್ಕೆ 50, ಪ್ರಾಯೋಗಿಕದಲ್ಲಿ ನೂರಕ್ಕೆ 50. ಎರಡರಲ್ಲೂ ಬೇರೆ ಬೇರೆಯಾಗಿ ಬರಬೇಕು. ತರಗತಿಯಲ್ಲೂ ವಾರ್ಡಿನಲ್ಲೂ ನೂರಕ್ಕೆ 80 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ವಾರ್ಡಿನ ಹಾಜರಿ ಕಡಿಮೆಯಾದರೆ ಸರ್ಟಿಫಿಕೇಟ್ ಪಡೆಯುವ ಮೊದಲು ಪೂರ್ತಿ ಮಾಡಲೇಬೇಕು. ಹಾಗಾಗಿ ಹಬ್ಬ, ಜಾತ್ರೆ, ನಂಟರ ಮದುವೆ ಎಂದು ಮಗಳನ್ನು ಪದೇ ಪದೇ ಊರಿಗೆ ಕರೆಯಬೇಡಿ.

ಹೂವಿನಕ್ಕನ ಮಗಳು ಮೊದಲ ವರ್ಷ ಅಂಗರಚನೆಯಲ್ಲಿ ಫೇಲಾದಳು. ಫೋನು ಮಾಡಿ ಅತ್ತಳು. "ಅವ್ವ, ನನ್ನ ಕೈಲಿ ಆಗಲ್ಲ. ಬಂದುಬಿಡ್ತೀನಿ. ಹೂವು ಕಟ್ಟಿಕೊಂಡು ಇರ್ತೀನಿ," ಎಂದಳು.

ಆ ರಾತ್ರಿ ಹೂವಿನಕ್ಕ ನಿದ್ದೆ ಮಾಡಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಹೊರಟಳು. ಮಗಳ ಮುಂದೆ ತನ್ನ ಕಲಿಕಾ ಕೇಂದ್ರದ ಹಳೆಯ ಪುಸ್ತಕ ಇಟ್ಟಳು. "ನೋಡು. ಇದು ನಾನು ಬರೆದ ಮೊದಲ 'ಅ'. ಎಷ್ಟು ಸೊಟ್ಟಗೈತೆ ನೋಡು. ನನಗೆ ಆಗ 40 ವರ್ಷ. ನಿಂಗೆ 19. ಯಾರು ಬಿಡಬೇಕು ಹೇಳು?" ಎಂದಳು.

ಮಗಳು ಬರಲಿಲ್ಲ. ಮರುಪರೀಕ್ಷೆಗೆ ಕಟ್ಟಿದಳು.

ಓದುವ ಉಪಾಯಗಳು

ಅವಳಿಗೆ ಒಬ್ಬ ಟೀಚರ್ ಒಂದು ಉಪಾಯ ಹೇಳಿಕೊಟ್ಟರು. ದಿನಕ್ಕೆ ಹತ್ತೇ ಪದ. ಪದವನ್ನು ಒಡೆದು ಕಲಿ. 'ಐಟಿಸ್' ಎಂದು ಮುಗಿದರೆ ಅದು ಉರಿಯೂತ. 'ಹೆಪಟ್' ಎಂದರೆ ಪಿತ್ತಜನಕಾಂಗ. ಹಾಗಾದರೆ 'ಹೆಪಟೈಟಿಸ್' ಎಂದರೆ? ಪಿತ್ತಜನಕಾಂಗದ ಉರಿಯೂತ. ಅಕ್ಷರ ಕೂಡಿಸಿ ಪದ ಓದುವುದನ್ನು ನಾವೂ ಹೀಗೇ ಕಲಿತೆವು, ಅಲ್ಲವೇ?

ಇನ್ನೊಂದು ಉಪಾಯ ಹೂವಿನಕ್ಕನದೇ. ಪ್ರತಿ ಭಾನುವಾರ ಮಗಳು ಫೋನಿನಲ್ಲಿ ಅವ್ವನಿಗೆ ಪಾಠ ಹೇಳಬೇಕು. ಹೃದಯದಲ್ಲಿ ಎಷ್ಟು ಕೋಣೆ? ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಮಗಳು ತಡವರಿಸಿದರೆ, "ನಿಂಗೇ ಗೊತ್ತಿಲ್ಲ. ಹೋಗಿ ಓದಿಕೊಂಡು ಬಾ," ಎನ್ನುತ್ತಿದ್ದಳು. ಇನ್ನೊಬ್ಬರಿಗೆ ಹೇಳಿದರೆ ಪಾಠ ತಲೆಯಲ್ಲಿ ನಿಲ್ಲುತ್ತದೆ.

ಲೆಕ್ಕವೂ ಬರಬೇಕು. ಒಂದು ಉದಾಹರಣೆ ನೋಡಿ. 500 ಮಿಲಿ ಗ್ಲೂಕೋಸ್ ಬಾಟಲಿಯನ್ನು 8 ಗಂಟೆಯಲ್ಲಿ ಏರಿಸಬೇಕು. ಸಾಮಾನ್ಯ ನಳಿಕೆಯಲ್ಲಿ 20 ಹನಿ ಸೇರಿದರೆ 1 ಮಿಲಿ. ಹಾಗಾದರೆ ಒಟ್ಟು ಹನಿ 500 x 20 = 10,000. ಒಟ್ಟು ನಿಮಿಷ 8 x 60 = 480. ಭಾಗಿಸಿದರೆ ನಿಮಿಷಕ್ಕೆ ಸುಮಾರು 21 ಹನಿ. ಲೆಕ್ಕ ತಪ್ಪಿದರೆ ರೋಗಿಗೆ ಅಪಾಯ.

ಔಷಧಿ ಕೊಡುವಾಗ ಐದು 'ಸರಿ' ನೋಡಬೇಕು. ಸರಿಯಾದ ರೋಗಿ. ಸರಿಯಾದ ಔಷಧಿ. ಸರಿಯಾದ ಪ್ರಮಾಣ. ಸರಿಯಾದ ದಾರಿ, ಅಂದರೆ ಬಾಯಿಗೋ ಸೂಜಿಯಲ್ಲೋ. ಸರಿಯಾದ ವೇಳೆ.

ಮೈ ಕಾಪಾಡಿಕೊಳ್ಳುವುದು

ನರ್ಸಿಂಗ್ ಓದುವವರು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಬೇಕು. ಮೂರು ಸಲ ಹಾಕುತ್ತಾರೆ. ಮೊದಲನೆಯದರ ನಂತರ 1 ತಿಂಗಳಿಗೆ, ಆಮೇಲೆ 6 ತಿಂಗಳಿಗೆ.

ರೋಗಿಗೆ ಚುಚ್ಚಿದ ಸೂಜಿ ತನ್ನ ಕೈಗೆ ಚುಚ್ಚಿದರೆ ಮುಚ್ಚಿಡಬಾರದು. ಬೈತಾರೆ ಎಂದು ಹೆದರಬಾರದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಬೇಕು. ಹಿಂಡಬಾರದು. ಬಾಯಿಗೆ ಇಡಬಾರದು. ಕೂಡಲೇ ಮೇಲಿನವರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧಿ ಬೇಕಾದರೆ ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಬಾರದು. ಅದನ್ನು 28 ದಿನ ತೆಗೆದುಕೊಳ್ಳಬೇಕು. ಈ ಮಾತನ್ನು ತಾಯಂದಿರೇ ಮಕ್ಕಳಿಗೆ ಹೇಳಿ.

ರಾತ್ರಿ ಪಾಳಿ ಮುಗಿಸಿ ಬಂದವಳು ಹಗಲು ಮಲಗುತ್ತಾಳೆ. ರಜೆಗೆ ಮನೆಗೆ ಬಂದಾಗ "ಸೂರ್ಯ ನೆತ್ತಿಗೆ ಬಂದರೂ ಏಳಲ್ಲ" ಎಂದು ಬೈಯಬೇಡಿ. ಅದು ಸೋಮಾರಿತನ ಅಲ್ಲ.

ಓದು ಮುಗಿದ ಮೇಲೆ

ಪಾಸಾದರೆ ಸಾಲದು. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿ ಇಲ್ಲದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ. ಸರ್ಕಾರಿ ಕೆಲಸ ತಾನಾಗಿ ಬರುವುದಿಲ್ಲ. ಪ್ರಕಟಣೆ ನೋಡಿ ಅರ್ಜಿ ಹಾಕಬೇಕು. ಖಾಸಗಿ ಆಸ್ಪತ್ರೆಯಲ್ಲಿ ಮೊದಮೊದಲು ಸಂಬಳ ಕಡಿಮೆ ಇರಬಹುದು. ಸೇರುವ ಮುನ್ನ ಪಾಳಿ, ರಜೆ, ಕರಾರು ಓದಿ ನೋಡಲಿ. "ನೂರಕ್ಕೆ ನೂರು ಕೆಲಸ" ಎಂದು ಯಾರೂ ಮೊದಲೇ ಬರೆದು ಕೊಡಲಾರರು.

ಹೂವಿನಕ್ಕನ ಮಗಳು ಮರುಪರೀಕ್ಷೆಯಲ್ಲಿ ಪಾಸಾದಳು. ಜಿ.ಎನ್.ಎಂ. ಮುಗಿಸಿದಳು. ಈಗ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಶಿಕ್ಷಣ ಸಾಲದ ಕಂತು ಇನ್ನೂ ಕಟ್ಟುತ್ತಿದ್ದಾಳೆ. ಹೂವಿನಕ್ಕ ಈಗಲೂ ಹೂವು ಮಾರುತ್ತಾಳೆ. ಅವಳ ಓಲೆ ಅವಳ ಕಿವಿಯಲ್ಲೇ ಇದೆ.

ಆ ಬಣ್ಣದ ಕಾಗದ ನಮ್ಮ ಸಂಘದ ಗೋಡೆಯ ಮೇಲಿದೆ. ಅದರ ಕೆಳಗೆ ಹೂವಿನಕ್ಕ ತನ್ನ ಕೈಯಿಂದಲೇ ಬರೆದಿದ್ದಾಳೆ: "ಓದಿ. ಕೇಳಿ. ಆಮೇಲೆ ಕೊಡಿ."

ನೆನಪಿಡಿ

* ಮಗಳು ಪಿ.ಯು.ಸಿ.ಯಲ್ಲಿ ಏನು ಓದಿದ್ದಾಳೆ ಎಂದು ನೋಡಿ ದಾರಿ ಆರಿಸಿ.
* ಒಪ್ಪಿಗೆ ಪತ್ರ ಮತ್ತು ಆಸ್ಪತ್ರೆ ನೋಡದೆ ಹಣ ಕೊಡಬೇಡಿ.
* ಅಸಲು ಮಾರ್ಕ್ಸ್ ಕಾರ್ಡ್ ಏಜೆಂಟರಿಗೆ ಕೊಡಬೇಡಿ.
* ಒಂದು ವಿಷಯ ಫೇಲಾದರೆ ಓದು ಮುಗಿಯಿತು ಎಂದಲ್ಲ. ಮರುಪರೀಕ್ಷೆ ಇದೆ.

ಹೊಸ ಪದಗಳು

ಮಾನ್ಯತೆ: ಸರ್ಕಾರ ಅಥವಾ ಪರಿಷತ್ತು ಕೊಡುವ ಒಪ್ಪಿಗೆ
ಮುಂಗಡ: ಮೊದಲೇ ಕೊಡುವ ಹಣ
ಉರಿಯೂತ: ಊದಿಕೊಂಡು, ಕೆಂಪಾಗಿ ನೋಯುವುದು
ನೋಂದಣಿ: ದಾಖಲೆ ಪುಸ್ತಕದಲ್ಲಿ ಹೆಸರು ಬರೆಸುವುದು
ಪಾಳಿ: ಸರದಿಯ ಕೆಲಸದ ಹೊತ್ತು

ಓದಿ, ಉತ್ತರ ಬರೆಯಿರಿ

1. ಏಜೆಂಟನ ಕಾಗದದಲ್ಲಿ ಯಾವ ಎರಡು ಮಾತು ಇರಲಿಲ್ಲ?
2. ಕಲಾ ವಿಭಾಗ ಓದಿದವರು ಯಾವ ನರ್ಸಿಂಗ್ ಓದಿಗೆ ಸೇರಬಹುದು?
3. ಔಷಧಿ ಕೊಡುವಾಗ ನೋಡಬೇಕಾದ ಐದು 'ಸರಿ' ಯಾವುವು?
4. 500 ಮಿಲಿ ಬಾಟಲಿಯನ್ನು 5 ಗಂಟೆಯಲ್ಲಿ ಏರಿಸಬೇಕು. ನಿಮಿಷಕ್ಕೆ ಸುಮಾರು ಎಷ್ಟು ಹನಿ? ಲೆಕ್ಕ ಮಾಡಿ.

ನೀವೇ ಮಾಡಿ

ನಿಮ್ಮ ಉಪಕೇಂದ್ರದ ಸಿಸ್ಟರನ್ನು ಸಂಘದ ಸಭೆಗೆ ಕರೆಯಿರಿ. ಅವರು ಎಲ್ಲಿ ಓದಿದರು, ಏನು ಕಷ್ಟ ಪಟ್ಟರು ಎಂದು ಕೇಳಿ. ಅವರು ಹೇಳಿದ್ದನ್ನು ಐದು ಸಾಲಿನಲ್ಲಿ ಬರೆಯಿರಿ.